ದೊಖಾದ: ಒಂದು ಕೊರಿಯನ್ ವಿಶೇಷಣದ ವಿಷ ಮತ್ತು ಛಲ

ಕೊರಿಯನ್ ಭಾಷೆಯಲ್ಲಿ ‘ದೊಖಾದ’ ಎಂಬ ವಿಶೇಷಣವೊಂದಿದೆ. ಚೀನೀ ಮೂಲದ ‘ದೊಕ್’ (ವಿಷ) ಎಂಬ ನಾಮಪದಕ್ಕೆ ‘ಹಾದ’ ಎಂಬ ದೇಶೀ ರೂಪ ಸೇರಿ ಸಿದ್ಧವಾದ ಪದವಿದು. ಅಕ್ಷರಶಃ ನೋಡಿದರೆ ‘ವಿಷವುಳ್ಳದ್ದು’ ಎಂದಷ್ಟೇ ಅರ್ಥ. ಆದರೆ ದಿನಬಳಕೆಯಲ್ಲಿ ಇದರ ಹರಹು ದೊಡ್ಡದು. ಗಂಟಲು ಸುಡುವ ಮದ್ಯ ದೊಖಾದ. ತಲೆ ತಿರುಗಿಸುವ ತಂಬಾಕು ದೊಖಾದ. ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳಲಾಗದ ಔಷಧಿ, ಮೂಗಿಗಡರುವ ವಾಸನೆ, ಹಾಸಿಗೆ ಹಿಡಿಸಿದ ನೆಗಡಿ ಎಲ್ಲವೂ ದೊಖಾದ. ಕರುಣೆ ಇಲ್ಲದ ಮನುಷ್ಯನೂ ದೊಖಾದ, ಹಿಡಿದದ್ದನ್ನು ಸಾಧಿಸುವವರೆಗೆ ಊಟ ನಿದ್ದೆ ಬಿಟ್ಟವನೂ ದೊಖಾದ. ರಾಷ್ಟ್ರೀಯ ಕೊರಿಯನ್ ಭಾಷಾ ಸಂಸ್ಥೆಯು 1999ರಲ್ಲಿ ಹೊರತಂದ ಪ್ರಮಾಣ ನಿಘಂಟು ಈ ಅರ್ಥಗಳನ್ನು ವಿಷದಿಂದ ಆರಂಭಿಸಿ ಇಚ್ಛಾಶಕ್ತಿಯ ಕಡೆಗೆ ಜೋಡಿಸುತ್ತದೆ. ನಿಘಂಟಿನ ಮಟ್ಟಿಗೆ ಈ ಜೋಡಣೆ ಸಮರ್ಪಕವೇ. ಆದರೆ ಬೈಗುಳವೂ ಮೆಚ್ಚುಗೆಯೂ ಒಂದೇ ಪದದಲ್ಲಿ ಹೇಗೆ ನಿಂತವು, ಯಾವಾಗ ಯಾವುದು ಮೇಲೇಳುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ದೊರೆಯುವುದಿಲ್ಲ. ಆ ಉತ್ತರಕ್ಕಾಗಿ ಕೊರಿಯಾದ ಕಥನ ಪರಂಪರೆ, ಅಡುಗೆಮನೆ ಹಾಗೂ ಮದ್ದಿನ ಪೆಟ್ಟಿಗೆಯ ಕಡೆಗೆ ತಿರುಗಬೇಕಾಗುತ್ತದೆ.

ಈ ವಿಚಾರಣೆಗೆ ಇನ್ನೊಂದು ಕಾರಣವೂ ಇದೆ. ಕೊರಿಯನ್ ಜನಮನಸ್ಸನ್ನು ಹೊರಗಿನವರಿಗೆ ವಿವರಿಸುವಾಗ ವಿದ್ವಾಂಸರು ಬಹುಕಾಲದಿಂದ ‘ಹಾನ್’ ಎಂಬ ಪದವೊಂದನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಒಡಲಲ್ಲಿ ಹೆಪ್ಪುಗಟ್ಟಿದ ನೋವು, ತೀರದ ಅಳಲು ಎಂದು ಅದನ್ನು ಅರ್ಥೈಸಲಾಗುತ್ತದೆ. ಹಾಡು, ಕುಣಿತ, ಸಿನಿಮಾ, ಮಣ್ಣಿನ ಪಾತ್ರೆ ಯಾವುದನ್ನು ಮುಟ್ಟಿದರೂ ಅಲ್ಲಿ ಹಾನ್ ಕಾಣುವ ಒಂದು ವಿಮರ್ಶಾ ಪದ್ಧತಿಯೇ ಬೆಳೆದಿದೆ. ‘ದೊಖಾದ’ ಮಾತ್ರ ಸಂತೆಯ ಮಾತಾಗಿ, ಅತ್ತೆ ಸೊಸೆಯರ ಜಗಳದ ಮಾತಾಗಿ ಸಿದ್ಧಾಂತದ ಹೊರಗೇ ಉಳಿಯಿತು. ಜನಪದ ಅಧ್ಯಯನಕಾರರು ಜನರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದವನ್ನು ಬಿಟ್ಟು ಗ್ರಂಥಗಳಲ್ಲಿ ಗೌರವ ಪಡೆದ ಪದವನ್ನೇ ಆರಿಸಿಕೊಳ್ಳುವುದು ಕೊರಿಯಾಕ್ಕೆ ಮಾತ್ರ ಸೀಮಿತವಾದ ದೋಷವೇನಲ್ಲ.

ಮೊದಲಿಗೆ ಪದದ ಬೇರು. ‘ದೊಕ್’ ಎಂಬುದನ್ನು ಬರೆಯುವ ಚೀನೀ ಅಕ್ಷರಕ್ಕೆ ಸುಮಾರು ಕ್ರಿ.ಶ. 100ರ ಹೊತ್ತಿಗೆ ಶು ಷೆನ್ ರಚಿಸಿದ ‘ಷುವೊವೆನ್’ ನಿಘಂಟು ಕೊಡುವ ಮೊದಲ ಅರ್ಥ ಕೇಡು ಅಲ್ಲ, ‘ದಟ್ಟ’ ಎಂಬುದು. ಮನುಷ್ಯರಿಗೆ ಕೇಡು ಮಾಡುವ ಗಿಡ ಎಂಬ ವಿವರಣೆ ಅದರ ಬೆನ್ನಿಗೆ ಬರುತ್ತದೆ. ಅಂದರೆ ಆ ಕಾಲದ ತಿಳಿವಳಿಕೆಯಲ್ಲಿ ವಿಷವೆಂದರೆ ತೆಳುವಾಗದೆ ಒಂದೆಡೆ ಗಟ್ಟಿಯಾಗಿ ಕೂಡಿಕೊಂಡ ಶಕ್ತಿ. ಚೀನಾದ ಪ್ರಾಚೀನ ಆಡಳಿತ ಗ್ರಂಥವಾದ ‘ಝೌಲಿ’ಯಲ್ಲಿ ಅರಮನೆಯ ವೈದ್ಯಾಧಿಕಾರಿಯ ಕರ್ತವ್ಯವನ್ನು ಹೇಳುವಾಗ, ಚಿಕಿತ್ಸೆಗೆಂದು ಆತ ಸಂಗ್ರಹಿಸಿಡಬೇಕಾದ ಸಾಮಗ್ರಿಯನ್ನು ‘ವಿಷ’ ಮತ್ತು ‘ಔಷಧ’ ಎಂಬ ಎರಡು ಅಕ್ಷರಗಳನ್ನು ಕೂಡಿಸಿಯೇ ಹೆಸರಿಸಲಾಗಿದೆ. ಬಲವಾದ ಮದ್ದಿಗೂ ವಿಷಕ್ಕೂ ನಡುವೆ ಗೆರೆ ಎಳೆಯುವುದು ವಸ್ತುವಲ್ಲ, ಪ್ರಮಾಣ. ಕೊರಿಯನ್ನರು ಇಂದಿಗೂ ಕಡುವಾದ ಮಾತ್ರೆಯನ್ನು ಕುರಿತು ‘ಈ ಮದ್ದು ದೊಖಾದ’ ಎನ್ನುವಾಗ ದೂರುತ್ತಿಲ್ಲ. ಅದರ ಶಕ್ತಿಯನ್ನು ಅಳೆಯುತ್ತಿದ್ದಾರೆ.

ಇದಕ್ಕೆ ‘ಬುಜಾ’ ಎಂಬ ಬೇರು ಒಳ್ಳೆಯ ಉದಾಹರಣೆ. ಭಾರತೀಯ ವೈದ್ಯದಲ್ಲಿ ವತ್ಸನಾಭಿ ಎಂದು ಪರಿಚಿತವಾದ ಸಸ್ಯದ ಕುಲಕ್ಕೇ ಸೇರಿದ ಗಿಡದ ಗೆಡ್ಡೆಯಿದು. ಆಯುರ್ವೇದದಲ್ಲಿ ವತ್ಸನಾಭಿಯನ್ನು ಗೋಮೂತ್ರದಲ್ಲಿ ಶೋಧಿಸಿ ಬಳಸುವಂತೆ, ಪೂರ್ವ ಏಷ್ಯಾದ ವೈದ್ಯರೂ ಬುಜಾವನ್ನು ಸಂಸ್ಕರಿಸಿ, ಮೈಯಲ್ಲಿ ಶೀತ ಹೊಕ್ಕ ರೋಗಿಗೆ ಕಾವು ತರುವ ಮದ್ದಾಗಿ ಕೊಡುತ್ತಿದ್ದರು. ಅದೇ ಬುಜಾ, ಜೊಸೊನ್ ಅರಸರು ಅಪರಾಧಿಗಳಾದ ಕುಲೀನರಿಗೆ ಕಳಿಸುತ್ತಿದ್ದ ಮರಣದ ಬಟ್ಟಲಿನಲ್ಲಿಯೂ ಇತ್ತೆಂದು ಹೇಳಲಾಗುತ್ತದೆ. ಆ ಬಟ್ಟಲಿಗೆ ‘ಸಾಯಾಕ್’ ಎಂದು ಹೆಸರು. ಕೇಳಿದವರು ‘ಸಾವಿನ ಮದ್ದು’ ಎಂದು ಭಾವಿಸುವುದುಂಟು. ಬರಹದಲ್ಲಿ ಮಾತ್ರ ಅದರ ಅರ್ಥ ‘ಅರಸನು ದಯಪಾಲಿಸಿದ ಮದ್ದು’. ದೇಹಕ್ಕೆ ಊನವಾಗದ ಸಾವು ಒಂದು ಗೌರವವೆಂದು ಎಣಿಸಿದ ಸಮಾಜ ವಿಷವನ್ನೂ ಪ್ರಸಾದದ ಭಾಷೆಯಲ್ಲಿಯೇ ಕರೆಯಿತು.

ದೇಹಕ್ಕೆ ಸಂಬಂಧಿಸಿದ ಇನ್ನೂ ಹಲವು ಬಳಕೆಗಳಲ್ಲಿ ದೊಕ್ ಸೇರಿಕೊಂಡಿದೆ. ದೂರ ಪ್ರಯಾಣದಿಂದ ಬಂದ ಬಳಲಿಕೆಗೆ ‘ಯೊದೊಕ್’, ಅಂದರೆ ಪಯಣದ ವಿಷ. ಕುಡಿತದಿಂದ ಮುಖ ಮೂಗು ಕೆಂಪಾದರೆ ‘ಜುದೊಕ್’, ಮದ್ಯದ ವಿಷ. ದೊಣ್ಣೆಯ ಏಟು ತಿಂದ ಮೈ ಊದಿ ಕೀವುಗಟ್ಟಿದರೆ ‘ಜಾಂಗ್‌ದೊಕ್’, ದೊಣ್ಣೆಯ ವಿಷ. ದೊಣ್ಣೆಗೆ ಯಾರೂ ವಿಷ ಸವರಿರುವುದಿಲ್ಲ. ಪೆಟ್ಟು ಮೈಯೊಳಗೆ ಉಳಿದು ತಾನೇ ವಿಷವಾಗುತ್ತದೆ. ಕನ್ನಡ ಓದುಗನಿಗೆ ಇದು ಅಪರಿಚಿತವಲ್ಲ. ಗಾಯ ‘ನಂಜಾಯಿತು’ ಎನ್ನುವಾಗ, ಗಾಯವಿದ್ದವರಿಗೆ ‘ನಂಜಿನ ಪದಾರ್ಥ’ ಕೊಡಬೇಡಿರೆಂದು ಹಿರಿಯರು ತಡೆಯುವಾಗ ಕನ್ನಡದ ನಂಜು ಮಾಡುವ ಕೆಲಸವೂ ಇದೇ. ಆದರೆ ಎರಡು ಭಾಷೆಗಳ ಹಾದಿ ಮುಂದೆ ಕವಲಾಗುತ್ತದೆ. ಕನ್ನಡದ ನಂಜು ಮನಸ್ಸಿಗೆ ಏರಿದಾಗ ಹೊಟ್ಟೆಕಿಚ್ಚಾಗುತ್ತದೆ, ಹಗೆಯಾಗುತ್ತದೆ. ಅದು ಎಂದೂ ಸಂಕಲ್ಪವಾಗುವುದಿಲ್ಲ. ಕೊರಿಯನ್ ದೊಕ್ ಸಂಕಲ್ಪವೂ ಆಗುತ್ತದೆ.

ರುಚಿಯ ಲೋಕದಲ್ಲಿ ಈ ಪದಕ್ಕೆ ಒಂದು ಅಪರೂಪದ ದಾಖಲೆಯಿದೆ. ಯಿ ಸು-ಗ್ವಾಂಗ್ ಎಂಬ ವಿದ್ವಾಂಸ 1614ರಲ್ಲಿ ಪೂರ್ಣಗೊಳಿಸಿದ ‘ಜಿಬೊಂಗ್ ಯುಸೊಲ್’ ಎಂಬ ವಿಶ್ವಕೋಶ ಮಾದರಿಯ ಕೃತಿಯಲ್ಲಿ, ಆಗಷ್ಟೇ ಕೊರಿಯಾಕ್ಕೆ ಕಾಲಿಟ್ಟಿದ್ದ ಮೆಣಸಿನಕಾಯಿಯ ಪ್ರಸ್ತಾಪ ಬರುತ್ತದೆ. ಆತ ಅದನ್ನು ಮಹಾವಿಷವುಳ್ಳದ್ದೆಂದು ಕರೆಯುತ್ತಾನೆ. ಜಪಾನಿನಿಂದ ಬಂದುದರಿಂದ ಜನ ಅದನ್ನು ಜಪಾನೀ ಸಾಸಿವೆ ಎನ್ನುತ್ತಾರೆಂದೂ, ಮದ್ಯದಂಗಡಿಯವರು ಅದರ ಉಗ್ರತೆಯ ಲಾಭ ಪಡೆಯಲು ಸೋಜುವಿನಲ್ಲಿ ಬೆರೆಸುವುದುಂಟೆಂದೂ, ಕುಡಿದವರಲ್ಲಿ ಸತ್ತವರು ಬಹಳವೆಂದೂ ತಿಳಿಸುತ್ತಾನೆ. ಇಂದು ಕೊರಿಯನ್ ಅಡುಗೆಯ ಗುರುತೇ ಆಗಿರುವ ಕಾಯಿ ಅಲ್ಲಿಗೆ ವಿಷವೆಂಬ ಹೆಸರಿನಲ್ಲಿ ಪ್ರವೇಶಿಸಿತು. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದ ಇದೇ ಕಾಯಿಗೆ ಕನ್ನಡಿಗರು ತಮಗೆ ಮೊದಲೇ ಗೊತ್ತಿದ್ದ ಮೆಣಸಿನ ಹೆಸರನ್ನು ಅಂಟಿಸಿ ಮನೆಮಗನನ್ನಾಗಿ ಮಾಡಿಕೊಂಡರು. ಕೊರಿಯನ್ನರೂ ಕೊನೆಗೆ ಹಳೆಯ ಸಾಂಬಾರದ ಹೆಸರನ್ನೇ ಕೊಟ್ಟು ಅದನ್ನು ‘ಗೊಚು’ ಎಂದರು. ಅದರ ಖಾರವನ್ನು ಹೇಳಲು ‘ಮೇಪ್ದ’ ಎಂಬ ದೇಶೀ ಪದ ಸಾಕಾಯಿತು. ಚಿಕ್ಕ ಮೆಣಸಿನಕಾಯಿಯೇ ಹೆಚ್ಚು ಖಾರವೆಂಬ ಗಾದೆ ಹುಟ್ಟಿ, ಗಾತ್ರದಲ್ಲಿ ಸಣ್ಣವನಾದರೂ ಜಗ್ಗದವನಿಗೆ ಅನ್ವಯವಾಯಿತು. ಖಾರ ಮೆಚ್ಚುಗೆಗೆ ಸುಲಭವಾಗಿ ಒದಗಿತು. ವಿಷ ಹಾಗೆ ಒದಗಲಿಲ್ಲ.

ಸೋಜುವಿನ ಕಥೆ ಇದಕ್ಕೆ ಪೂರಕವಾಗಿದೆ. ಹದಿಮೂರನೆಯ ಶತಮಾನದಲ್ಲಿ ಮಂಗೋಲರೊಂದಿಗೆ ಬಂದ ಭಟ್ಟಿಯ ವಿದ್ಯೆಯಿಂದ ಹುಟ್ಟಿದ ಈ ಮದ್ಯ ಶತಮಾನಗಳ ಕಾಲ ‘ದೊಖಾದ’ ಎಂಬ ವಿಶೇಷಣದ ಸಹಜ ನೆಲೆಯಾಗಿತ್ತು. ಧಾನ್ಯದ ಕೊರತೆಯ ಕಾರಣದಿಂದ 1965ರಲ್ಲಿ ಅಕ್ಕಿಯಿಂದ ಭಟ್ಟಿ ಇಳಿಸುವುದನ್ನು ಸರ್ಕಾರ ತಡೆದ ಮೇಲೆ, ಗೆಣಸು ಮುಂತಾದವುಗಳಿಂದ ತೆಗೆದ ಶುದ್ಧ ಮದ್ಯಸಾರಕ್ಕೆ ನೀರು ಬೆರೆಸಿದ ಸೋಜು ಮಾರುಕಟ್ಟೆಯನ್ನು ಆಕ್ರಮಿಸಿತು. ಆಗ ಅದರ ಸಾಂದ್ರತೆ ಶೇಕಡಾ 30ರಷ್ಟಿತ್ತು. 1970ರ ದಶಕದಲ್ಲಿ 25ಕ್ಕೆ, 1998ರಲ್ಲಿ 23ಕ್ಕೆ, 2006ರಲ್ಲಿ 20ಕ್ಕಿಂತ ಕೆಳಕ್ಕೆ, 2020ರ ದಶಕದಲ್ಲಿ 16ರ ಆಸುಪಾಸಿಗೆ ಅದು ಇಳಿಯಿತು. ಹೊಸ ಸೋಜುವನ್ನು ಹೊಗಳಲು ಬಳಸುವ ಪದ ‘ಸುನ್ಹಾದ’. ದೊಖಾದಕ್ಕೆ ನೇರ ವಿರುದ್ಧಾರ್ಥಕವೆಂದರೆ ಇದೇ. ಹದವಾದ, ಸೌಮ್ಯ, ಹೇಳಿದಂತೆ ಕೇಳುವ ಎಂಬುದು ಇದರ ಭಾವ. ರಚ್ಚೆ ಹಿಡಿಯದ ಕೂಸು ಸುನ್ಹಾದ. ಹಾಯದ ಎತ್ತು ಸುನ್ಹಾದ. ಎದುರಾಡದ ಸೊಸೆಯೂ ಸುನ್ಹಾದ. ಇದನ್ನು ಬರೆಯುವ ಚೀನೀ ಅಕ್ಷರಕ್ಕೆ ‘ಅನುಸರಿಸು’ ಎಂದೇ ಅರ್ಥ. ವಿರುದ್ಧಪದವನ್ನು ಹೀಗೆ ಪಕ್ಕದಲ್ಲಿಟ್ಟು ನೋಡಿದಾಗ ದೊಖಾದದ ಒಂದು ಮುಖ ಸ್ಪಷ್ಟವಾಗುತ್ತದೆ: ಅದು ಅನುಸರಿಸದೆ ನಿಂತದ್ದರ ಹೆಸರು. ಮದ್ಯದ ವಿಷಯದಲ್ಲಿ ಇದು ನಿರಪಾಯಕಾರಿ. ಮನುಷ್ಯರ, ಅದರಲ್ಲಿಯೂ ಹೆಂಗಸರ ವಿಷಯಕ್ಕೆ ಬಂದಾಗ ಅದು ತೀರ್ಪಾಗುತ್ತದೆ.

ಕೊರಿಯಾದ ಮೂಲಪುರಾಣವೇ ಒಂದು ಸಹನೆಯ ಪರೀಕ್ಷೆ. ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಬೌದ್ಧ ಭಿಕ್ಷು ಸಂಕಲಿಸಿದ ‘ಸಾಮ್‌ಗುಕ್ ಯುಸಾ’ದಲ್ಲಿ ಕರಡಿಯೊಂದು ಹುಲಿಯೊಂದು ಮನುಷ್ಯರಾಗಬೇಕೆಂದು ಬೇಡುತ್ತವೆ. ದೇವಪುತ್ರ ಹ್ವಾನುಂಗ್ ಅವುಗಳಿಗೆ ಒಂದಿಷ್ಟು ಮಾಚಿಪತ್ರೆಯ ಜಾತಿಯ ಸೊಪ್ಪನ್ನೂ ಇಪ್ಪತ್ತು ಬೆಳ್ಳುಳ್ಳಿಯನ್ನೂ ಕೊಟ್ಟು, ಇವನ್ನು ತಿಂದು ನೂರು ದಿನ ಬಿಸಿಲು ಕಾಣದೆ ಇರಬೇಕೆಂದು ವಿಧಿಸುತ್ತಾನೆ. (ಆ ಬೆಳ್ಳುಳ್ಳಿ ಇಂದಿನ ಬೆಳ್ಳುಳ್ಳಿಯಲ್ಲ, ಕಾಡು ಜಾತಿಯದು ಎಂದು ವಾದಿಸುವ ವಿದ್ವಾಂಸರಿದ್ದಾರೆ, ಘಾಟಿನ ವಿಷಯದಲ್ಲಿ ಅದರಿಂದ ವ್ಯತ್ಯಾಸವೇನೂ ಆಗದು.) ಹುಲಿ ತಾಳಲಾರದೆ ಹೋಗುತ್ತದೆ. ಕರಡಿ ಇಪ್ಪತ್ತೊಂದು ದಿನಕ್ಕೆ ಹೆಣ್ಣಾಗುತ್ತದೆ. ಅವಳ ಮಗ ದಾನ್‌ಗುನ್ ಕೊರಿಯಾದ ಮೊದಲ ಅರಸನಾಗುತ್ತಾನೆ. ಕಹಿ ಮತ್ತು ಘಾಟನ್ನು ಕತ್ತಲಲ್ಲಿ ಕುಳಿತು ನುಂಗಿದ ಈ ಕರಡಿಗೆ ದೊಖಾದ ಎಂಬ ವಿಶೇಷಣ ಅಕ್ಷರಶಃ ಒಪ್ಪುತ್ತದೆ. ಆದರೆ ಅವಳನ್ನು ಹಾಗೆ ನೆನೆಯುವ ವಾಡಿಕೆಯಿಲ್ಲ. ಅವಳು ತಾಳ್ಮೆಯ ಮೂರ್ತಿ, ಜನಾಂಗದ ತಾಯಿ.

ಬಾರಿ ಗೊಂಗ್ಜುವಿನ ಕಥೆಯಲ್ಲಿಯೂ ಇದೇ ಆಗುತ್ತದೆ. ಸತ್ತವರ ಆತ್ಮವನ್ನು ಆಚೆಯ ಲೋಕಕ್ಕೆ ದಾಟಿಸುವ ಆಚರಣೆಯಲ್ಲಿ ‘ಮುದಾಂಗ್’ ಎಂಬ ದೇವರು ಮೈದುಂಬುವ ಪೂಜಾರಿಣಿಯರು ಹಾಡುವ ಈ ದೀರ್ಘ ಕಥನದಲ್ಲಿ, ಏಳನೆಯದೂ ಹೆಣ್ಣಾಯಿತೆಂದು ಅರಸ ಎಸೆದ ಮಗಳು ಬದುಕಿ ಬೆಳೆಯುತ್ತಾಳೆ. ತಂದೆತಾಯಿ ರೋಗಕ್ಕೆ ಬಿದ್ದಾಗ ಅರಮನೆಯಲ್ಲಿ ಸುಖವಾಗಿ ಬೆಳೆದ ಆರು ಮಂದಿ ಅಕ್ಕಂದಿರು ನೆಪ ಹೇಳಿ ಹಿಂದೆ ಸರಿದರೆ, ಎಸೆಯಲ್ಪಟ್ಟವಳು ಜೀವಜಲ ತರಲು ಸತ್ತವರ ಲೋಕಕ್ಕೆ ಹೊರಡುತ್ತಾಳೆ. ಅಲ್ಲಿ ಜಲದ ಕಾವಲುಗಾರನಿಗೆ ಮೂರು ವರ್ಷ ನೀರು ಹೊತ್ತು, ಮೂರು ವರ್ಷ ಬೆಂಕಿ ಕಾದು, ಮೂರು ವರ್ಷ ಕಟ್ಟಿಗೆ ಕಡಿದು, ಅವನಿಗೆ ಮಕ್ಕಳನ್ನು ಹೆತ್ತು ಕೊಟ್ಟು ಮದ್ದು ಪಡೆಯುತ್ತಾಳೆ. ತನ್ನನ್ನು ಎಸೆದವರಿಗಾಗಿ ಒಂಬತ್ತು ವರ್ಷ ದುಡಿದ ಈ ಹಟಕ್ಕೆ ಕೊರಿಯನ್ ಸ್ಮೃತಿ ಕೊಟ್ಟ ಹೆಸರು ಪಿತೃಭಕ್ತಿ. ಹಟ ಎಂಬ ಪದ ಇಲ್ಲಿ ಬಾಯಿಗೆ ಬರುವುದೇ ಇಲ್ಲ.

ಹಾಗಾದರೆ ದೊಖಾದ ಎನಿಸಿಕೊಂಡವಳು ಯಾರು? ಈ ಪ್ರಶ್ನೆಗೆ ಕೊರಿಯಾದ ಸಾಮಾನ್ಯ ಓದುಗ, ಪ್ರೇಕ್ಷಕ ಕೊಡುವ ಉತ್ತರಗಳಲ್ಲಿ ಜಾಂಗ್ ಹೀ-ಬಿನ್ ಮೊದಲ ಸಾಲಿನಲ್ಲಿರುತ್ತಾಳೆ. ದುಭಾಷಿಗಳ ಮನೆತನದಿಂದ ಅರಮನೆಯ ದಾಸಿಯಾಗಿ ಬಂದು, ಸುಕ್‌ಜೊಂಗ್ ಅರಸನ ಮೆಚ್ಚಿನವಳಾಗಿ, ರಾಜಕುಮಾರನನ್ನು ಹೆತ್ತು, ರಾಣಿ ಇನ್‌ಹ್ಯೊನ್ ಪದಚ್ಯುತಳಾದಾಗ ರಾಣಿಯ ಪೀಠವೇರಿದವಳು. 1694ರಲ್ಲಿ ಆಸ್ಥಾನದ ಪಕ್ಷ ಬದಲಾದಾಗ ಇನ್‌ಹ್ಯೊನ್ ಮರಳಿದಳು, ಇವಳು ಕೆಳಗಿಳಿದಳು. 1701ರಲ್ಲಿ ಇನ್‌ಹ್ಯೊನ್ ಸತ್ತ ಬಳಿಕ, ತನ್ನ ನಿವಾಸದ ಬಳಿ ಗುಡಿ ಮಾಡಿಕೊಂಡು ಪೂಜಾರಿಣಿಯರಿಂದ ಮಾಟ ಮಾಡಿಸಿದಳೆಂಬ ಆರೋಪ ಅವಳ ಮೇಲೆ ಬಂತು. ರಾಜವೃತ್ತಾಂತಗಳ ಪ್ರಕಾರ ಅರಸ ಅವಳಿಗೆ ತಾನಾಗಿ ಪ್ರಾಣ ಬಿಡುವಂತೆ ಆಜ್ಞಾಪಿಸಿದ. ಜನರ ಕಲ್ಪನೆ ಇಷ್ಟಕ್ಕೆ ತೃಪ್ತವಾಗಲಿಲ್ಲ. ಅವಳು ಸಾಯಾಕ್ ಬಟ್ಟಲನ್ನು ತಳ್ಳಿ, ಕೂಗಾಡಿ, ಕೊನೆಗೆ ಬಲವಂತವಾಗಿ ಬಾಯಿಗೆ ಸುರಿಯಬೇಕಾಯಿತೆಂಬ ದೃಶ್ಯವೇ ಜನಪ್ರಿಯವಾಯಿತು. 1971ರ ದೂರದರ್ಶನ ಧಾರಾವಾಹಿಯಿಂದ ಹಿಡಿದು ಹಲವು ನಿರ್ಮಾಣಗಳು ಈ ದೃಶ್ಯವನ್ನು ಮರುಕಳಿಸಿದವು. ವಿಷದ ಹೆಣ್ಣಿನ ಬಾಯಿಗೆ ವಿಷವನ್ನೇ ಸುರಿಯುವ ಈ ದೃಶ್ಯದಲ್ಲಿ ವಿಶೇಷಣ ತನ್ನ ಅಕ್ಷರಾರ್ಥಕ್ಕೆ ಮರಳುತ್ತದೆ. ದಾಖಲೆಯಲ್ಲಿನ ಆಜ್ಞೆಗೂ ಜನರ ದೃಶ್ಯಕ್ಕೂ ನಡುವಿನ ಈ ಅಂತರವೇ ಜನಪದ ಅಧ್ಯಯನಕ್ಕೆ ಮುಖ್ಯ. ಅವಳ ನಿಜವಾದ ಅಪರಾಧ ಏನಿತ್ತೆಂಬುದು ಆಸ್ಥಾನದ ಪಕ್ಷಗಳ ಇತಿಹಾಸಕ್ಕೆ ಸೇರಿದ ವಿಷಯ. ಗೆದ್ದ ಪಕ್ಷದ ಒಲವಿನಿಂದ ಬರೆದ ‘ಇನ್‌ಹ್ಯೊನ್ ವಾಂಗ್ಹು ಜೊನ್’ ಎಂಬ ಅರಮನೆಯ ಕಥನ ಅವಳನ್ನು ಕೇಡಿಗಳ ಸಾಲಿನಲ್ಲಿ ಶಾಶ್ವತವಾಗಿ ಕೂರಿಸಿತು.

ಚುನ್‌ಹ್ಯಾಂಗಳ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಪಾನ್ಸೊರಿ ಎಂಬ ಕಥನಗಾಯನ ಪರಂಪರೆಯ ಅತ್ಯಂತ ಪ್ರೀತಿಯ ಕಥೆಯಿದು. ಕಾಕತಾಳೀಯವೆಂಬಂತೆ ಇದರ ಪ್ರಸಿದ್ಧ ಪಾಠಗಳಲ್ಲಿ ಕಾಲವನ್ನು ಅದೇ ಸುಕ್‌ಜೊಂಗ್ ಅರಸನ ಆಳ್ವಿಕೆಯೆಂದು ಹೇಳಲಾಗಿದೆ. ಗೀಸೆಂಗ್ ಅಂದರೆ ಕಲಾವಂತೆಯ ಮಗಳಾದ ಚುನ್‌ಹ್ಯಾಂಗ್, ಊರು ಬಿಟ್ಟುಹೋದ ಪ್ರಿಯನಿಗೆ ನಿಷ್ಠಳಾಗಿ ನಿಂತು, ನಾಮ್‌ವೊನ್ ಊರಿನ ಹೊಸ ಅಧಿಕಾರಿ ಬ್ಯೊನ್‌ನ ಹಾಸಿಗೆಗೆ ಹೋಗಲು ನಿರಾಕರಿಸುತ್ತಾಳೆ. ಅವಳಿಗೆ ದೊಣ್ಣೆಯ ಏಟು ಬೀಳುವ ಭಾಗ ಕಥೆಯ ಶಿಖರ. ಒಂದೊಂದು ಏಟಿಗೂ ಆ ಸಂಖ್ಯೆಯ ಧ್ವನಿಯಿಂದಲೇ ಆರಂಭವಾಗುವ ಮಾತಿನಲ್ಲಿ ಅವಳು ಉತ್ತರ ಕೊಡುತ್ತಾಳೆ. ಹೊಡೆಯುವವನ ಲೆಕ್ಕವನ್ನೇ ತನ್ನ ಹಾಡಿಗೆ ತಾಳವಾಗಿಸಿಕೊಂಡ ಈ ಹೆಣ್ಣು ಬ್ಯೊನ್‌ನ ಕಣ್ಣಿಗೆ ಸೊಕ್ಕಿನ ಅಪರಾಧಿ, ನೆರೆದ ಊರ ಜನರ ಕಣ್ಣಿಗೆ ಪತಿವ್ರತೆ. ಒಂದೇ ಮೈ, ಒಂದೇ ನಿಲುವು. ಯಾವ ಕಡೆ ನಿಂತು ನೋಡುತ್ತಾರೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಕಥೆ ಅವಳನ್ನು ಕಾಪಾಡುವುದು ಅವಳ ಹಟಕ್ಕೆ ಗಂಡಸೊಬ್ಬನ ಮೇಲಿನ ನಿಷ್ಠೆಯ ಹೆಸರು ಇರುವುದರಿಂದ. ಆ ನಿಷ್ಠೆಯನ್ನು ಕಳಚಿಟ್ಟು, ‘ನನಗೆ ಇಷ್ಟವಿಲ್ಲ’ ಎಂಬ ಒಂದೇ ಕಾರಣಕ್ಕೆ ಅವಳು ಏಟು ತಿಂದಿದ್ದರೆ ಪಾನ್ಸೊರಿ ಅವಳಿಗೆ ಏನೆಂದು ಕರೆಯುತ್ತಿತ್ತು? ಜಾಂಗ್ ಹೀ-ಬಿನ್‌ಳ ಮರಣೋತ್ತರ ಬದುಕು ಇದಕ್ಕೆ ಒಂದು ಉತ್ತರ ಕೊಡುತ್ತದೆ. ಇಬ್ಬರೂ ಕೆಳಗಿನಿಂದ ಬಂದವರು, ಇಬ್ಬರೂ ಬಗ್ಗಲಿಲ್ಲ. ಒಬ್ಬಳು ಇನ್ನೊಬ್ಬರಿಗಾಗಿ ಬಗ್ಗಲಿಲ್ಲ, ಒಬ್ಬಳು ತನಗಾಗಿ ಬಗ್ಗಲಿಲ್ಲ. ದೊಖಾದ ಎಂಬ ಮಾತು ಎರಡನೆಯವಳ ಪಾಲಿಗೆ ಬಂತು.

ಈ ಅಂಶವನ್ನು ಹಾನ್ ಕುರಿತ ಸಂಕಥನ ಮರೆಮಾಚಿದೆ ಎಂಬುದೇ ಇಲ್ಲಿನ ಮುಖ್ಯ ಆಕ್ಷೇಪ. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ, 1920ರ ದಶಕದ ಆರಂಭದಲ್ಲಿ, ಯಾನಾಗಿ ಮುನೆಯೊಶಿ ಎಂಬ ಜಪಾನೀ ಕಲಾಚಿಂತಕ ಕೊರಿಯನ್ ಕಲೆಯ ಸೌಂದರ್ಯವನ್ನು ದುಃಖದ ಸೌಂದರ್ಯವೆಂದು ವರ್ಣಿಸಿದ. ಆತನಿಗೆ ಕೊರಿಯನ್ನರ ಮೇಲೆ ನಿಜವಾದ ಪ್ರೀತಿಯಿತ್ತು. ಆಡಳಿತದ ದಬ್ಬಾಳಿಕೆಯನ್ನು ಆತ ಟೀಕಿಸಿದ್ದೂ ಉಂಟು. ಆದರೂ ಸೋತವರನ್ನು ಅವರ ಅಳಲಿನಿಂದಲೇ ಗುರುತಿಸುವ ಈ ನೋಟ ಮುಂದೆ ಕೊರಿಯನ್ ರಾಷ್ಟ್ರೀಯತೆಯ ಒಳಗೂ ಬೇರೂರಿತು. 1970ರ ದಶಕದಿಂದ ಬೆಳೆದ ಮಿನ್‌ಜುಂಗ್ ಅಂದರೆ ಜನಸಾಮಾನ್ಯರ ಪರವಾದ ಧರ್ಮಚಿಂತನೆ ಹಾನ್‌ಗೆ ಪ್ರತಿಭಟನೆಯ ಅರ್ಥ ತುಂಬಲು ಯತ್ನಿಸಿತು. ಇತ್ತೀಚಿನ ವಿದ್ವಾಂಸರು ಹಾನ್ ಎಂಬ ರಾಷ್ಟ್ರೀಯ ಗುಣದ ಪರಿಕಲ್ಪನೆಯೇ ವಸಾಹತು ಕಾಲದ ನಿರ್ಮಾಣವೆಂದು ವಾದಿಸಿದ್ದಾರೆ. ಇವರ ವಾದವನ್ನು ಪೂರ್ತಿ ಒಪ್ಪದವರೂ ಒಂದು ಮಾತನ್ನು ಒಪ್ಪಬೇಕಾಗುತ್ತದೆ: ಹಾನ್ ಎಂಬುದು ಒಬ್ಬರಿಗೆ ಒದಗಿದ್ದು, ದೊಕ್ ಎಂಬುದು ಒಬ್ಬರು ತೋರಿದ್ದು. ಹಾನ್ ಮಾತ್ರ ನೋಡುವ ವಿಮರ್ಶೆಗೆ ನರಳಿದವರು ಕಾಣುತ್ತಾರೆ, ಮಾಡಿದವರು ಕಾಣುವುದಿಲ್ಲ.

ಇಮ್ ಕ್ವೊನ್-ತೇಕ್ ನಿರ್ದೇಶಿಸಿದ ‘ಸೊಪ್ಯೊನ್‌ಜೆ’ (1993) ಚಿತ್ರದ ಸ್ವೀಕಾರವನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬಹುದು. ಯಿ ಚೊಂಗ್-ಜುನ್ ಅವರ ಕಥೆಯನ್ನು ಆಧರಿಸಿದ ಈ ಚಿತ್ರ ಸೋಲ್ ನಗರವೊಂದರಲ್ಲಿಯೇ ಹತ್ತು ಲಕ್ಷ ಪ್ರೇಕ್ಷಕರನ್ನು ಮೀರಿದ ಮೊದಲ ಕೊರಿಯನ್ ಚಿತ್ರವಾಯಿತು. ಊರೂರು ಅಲೆಯುವ ಪಾನ್ಸೊರಿ ಗಾಯಕ ಯುಬೊಂಗ್, ಸಾಕುಮಗಳು ಸೊಂಗ್ಹ್ವಾಳ ದನಿಗೆ ಬೇಕಾದ ಹಾನ್ ಬರಲೆಂದು ಅವಳಿಗೆ ಮದ್ದು ಕುಡಿಸಿ ಕುರುಡಾಗಿಸುತ್ತಾನೆ. ಚಿತ್ರದಲ್ಲಿ ಆ ಮದ್ದು ಮೇಲೆ ಹೇಳಿದ ಬುಜಾವೇ. ಪಾನ್ಸೊರಿ ಕಲಿಕೆಯ ಕಠೋರತೆ ಕಟ್ಟುಕಥೆಯೇನೂ ಅಲ್ಲ. ನೂರು ದಿನ ಬೆಟ್ಟದಲ್ಲಿ, ಜಲಪಾತದ ಎದುರು ನಿಂತು ಗಂಟಲು ಹರಿಯುವಂತೆ ಹಾಡುವುದು, ಒಡೆದ ಗಂಟಲಿನ ಬಾವು ಇಳಿಯಲು ಮಲದ ತಿಳಿಯನ್ನು ಕುಡಿಯುವುದು ಗಾಯಕರ ಬಗೆಗಿನ ಪ್ರಸಿದ್ಧ ಐತಿಹ್ಯಗಳು. ದೊಣ್ಣೆಯ ವಿಷಕ್ಕೆ ಜನ ಮಾಡುತ್ತಿದ್ದ ಮದ್ದೂ ಅದೇ. ಆದರೆ ಗಾಯಕ ತನ್ನ ಗಂಟಲನ್ನು ತಾನೇ ಹರಿದುಕೊಳ್ಳುವುದು ಒಂದು, ತಂದೆ ಮಗಳ ಕಣ್ಣು ಕೀಳುವುದು ಇನ್ನೊಂದು. ಚಿತ್ರವನ್ನು ಕೊಂಡಾಡಿದವರಲ್ಲಿ ಅನೇಕರು ಸೊಂಗ್ಹ್ವಾಳ ದನಿಯಲ್ಲಿ ಒಂದು ಜನಾಂಗದ ಹಾನ್ ಕೇಳಿದರು. ಚಿತ್ರದ ಛಾಯಾಗ್ರಹಣ, ಗಾಯನ ಅಷ್ಟು ಗಾಢವಾಗಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಕಥೆಯನ್ನು ದೊಖಾದ ಎಂಬ ಪದದ ಮೂಲಕ ಓದಿದರೆ ನೋಟ ಮಗಳಿಂದ ತಂದೆಯ ಕೈಯಲ್ಲಿನ ಬಟ್ಟಲಿನ ಕಡೆಗೆ ತಿರುಗುತ್ತದೆ. ಕಲೆಯ ಹೆಸರಿನಲ್ಲಿ ಬೇರೊಬ್ಬರ ದೇಹದ ಮೇಲೆ ಸಂಕಲ್ಪ ಹೂಡಿದವನು ಅವನು. ಸಂತೆಯ ಪದಕ್ಕೆ ಕಂಡ ಈ ಸತ್ಯ ಸೌಂದರ್ಯಮೀಮಾಂಸೆಯ ಪದಕ್ಕೆ ಕಾಣಲಿಲ್ಲ.

ಎರಡು ಪದಗಳಿಗೂ ಒಂದು ಕ್ರಿಯಾಪದ ಸಮಾನವಾಗಿದೆಯೆಂಬುದು ಗಮನಾರ್ಹ. ಹಾನ್ ಆಗಲಿ ದೊಕ್ ಆಗಲಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೆ ‘ಪುಮ್ದ’ ಎನ್ನುತ್ತಾರೆ. ಎದೆಗೆ ಅವುಚಿಕೊಳ್ಳುವುದು ಎಂದು ಅರ್ಥ. ಕೋಳಿ ಮೊಟ್ಟೆಗೆ ಕಾವು ಕೊಡುವುದಕ್ಕೂ ಇದೇ ಪದ.

ಕನ್ನಡಕ್ಕೆ ಕೊರಿಯನ್ ಕಥನಗಳನ್ನು ತರುವವರ ಎದುರು ದೊಖಾದ ಒಂದು ನಿಜವಾದ ತೊಡಕನ್ನು ಒಡ್ಡುತ್ತದೆ. ಮದ್ಯಕ್ಕೆ ‘ಕಡು’, ವಾಸನೆಗೆ ‘ಘಾಟು’, ಮಾತಿಗೆ ‘ಕಟು’, ಮನುಷ್ಯನಿಗೆ ‘ಕಲ್ಲೆದೆಯ’ ಎಂದು ಬಿಡಿಬಿಡಿಯಾಗಿ ಪರ್ಯಾಯ ಕೊಡಬಹುದು. ಸಂಕಲ್ಪದ ಅರ್ಥಕ್ಕೆ ‘ಛಲ’ ಎಂಬ ಸಮೃದ್ಧ ಪದವಿದೆ. ಆದರೆ ಕನ್ನಡದ ಛಲಕ್ಕೆ ವೀರಪರಂಪರೆಯ ಬೆಂಬಲವಿದೆ. ಪಂಪ ತನ್ನ ಭಾರತದ ಕೊನೆಯಲ್ಲಿ ದುರ್ಯೋಧನನನ್ನು ನೆನೆಯುವುದು ಛಲದ ಗುಣಕ್ಕಾಗಿಯೇ. ಸೋತವನಿಗೂ ಛಲ ಘನತೆ ತಂದುಕೊಡುತ್ತದೆ. ಛಲದಲ್ಲಿ ವಿಷವಿಲ್ಲ. ಹೆಣ್ಣಿನ ವಿಷಯದಲ್ಲಂತೂ ಕನ್ನಡ ಎರಡು ಬೇರೆ ಬೇರೆ ಪದಗಳನ್ನಿಟ್ಟುಕೊಂಡಿದೆ: ಮನೆ ನಿಲ್ಲಿಸಿದವಳು ಗಟ್ಟಿಗಿತ್ತಿ, ಎದುರು ನಿಂತವಳು ಗಯ್ಯಾಳಿ. ಆಡುವವನು ಬಾಯಿ ತೆರೆಯುವ ಮೊದಲೇ ಪಕ್ಷ ವಹಿಸಬೇಕು. ಕೊರಿಯನ್ ದೊಖಾದ ಇವೆರಡನ್ನೂ ಒಂದೇ ಮಡಕೆಯಲ್ಲಿ ಬೇಯಿಸುತ್ತದೆ. ಒಬ್ಬ ವಿಧವೆ ಐದು ಮಕ್ಕಳನ್ನು ಮೀನು ಮಾರಿ ಓದಿಸಿದಳೆಂದು ಹೇಳಿ ನೆರೆಯವರು ‘ಅವಳು ದೊಖಾದ’ ಎಂದರೆ ಅದರಲ್ಲಿ ಗೌರವ, ಭಯ, ಒಂದಿಷ್ಟು ದೂರ ಸರಿಯುವಿಕೆ ಮೂರೂ ಇರುತ್ತವೆ. ‘ಗಟ್ಟಿಗಿತ್ತಿ’ ಎಂದು ಅನುವಾದಿಸಿದರೆ ಭಯ ಹೋಯಿತು. ‘ಕಟುಕಿ’ ಎಂದರೆ ಗೌರವ ಹೋಯಿತು. ‘ಅವಳದು ವಿಷದಂಥ ಛಲ’ ಎಂದು ಬಿಡಿಸಿ ಬರೆಯುವುದೇ ಸದ್ಯಕ್ಕೆ ಹತ್ತಿರದ ದಾರಿ. ಕೇಳಲು ಸ್ವಲ್ಪ ತೊಡಕೆನಿಸಿದರೂ ಆ ತೊಡಕು ಮೂಲದಲ್ಲಿಯೂ ಇದೆ.

ಕಳೆದ ಕೆಲವು ದಶಕಗಳಲ್ಲಿ ಈ ಪದದ ಮೆಚ್ಚುಗೆಯ ಮುಖ ಹೆಚ್ಚು ಬಲಗೊಂಡಂತೆ ಕಾಣುತ್ತದೆ. 1997ರ ಕೊನೆಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಕೈಚಾಚಬೇಕಾದ ಆರ್ಥಿಕ ಕುಸಿತದ ಬಳಿಕ ಉದ್ಯೋಗ, ಪರೀಕ್ಷೆ, ದೇಹದ ತೂಕ ಎಲ್ಲವೂ ಛಲದ ಕಣಗಳಾದವು. ‘ದೊಕ್‌ಜೊಂಗ್’, ಅಕ್ಷರಶಃ ‘ವಿಷದ ತಳಿ’, ಎಂಬ ಹಳೆಯ ಬೈಗುಳವನ್ನು ಯಶಸ್ಸು ಗಳಿಸಿದವರು ತಮಗೆ ತಾವೇ ಬಿರುದಾಗಿ ಧರಿಸುವುದೂ ಉಂಟು. ಇದನ್ನು ಪದದ ವಿಮೋಚನೆಯೆಂದು ಭಾವಿಸುವುದು ಅವಸರದ ತೀರ್ಮಾನವಾದೀತು. ಕರಡಿಗೆ ನೂರು ದಿನವನ್ನು ವಿಧಿಸಿದವನು ದೇವಪುತ್ರ. ಇಂದಿನ ವಿದ್ಯಾರ್ಥಿಗೆ, ನೌಕರನಿಗೆ ವಿಧಿಸುವವರು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ತಾಳಲಾರದೆ ಹೊರಬಂದ ಹುಲಿಗೆ ತನ್ನ ದೌರ್ಬಲ್ಯವಲ್ಲದೆ ಬೇರೆ ಕಾರಣ ಹೇಳಿಕೊಳ್ಳಲು ಅವಕಾಶವೇ ಇಲ್ಲದಾಗಿದೆ. ಆದರೂ ಸಾಮಾನ್ಯರ ನುಡಿಯಲ್ಲಿ ಹಳೆಯ ಅನುಮಾನ ಪೂರ್ತಿ ಅಳಿದಿಲ್ಲ. ತಂಬಾಕು ಬಿಟ್ಟವನ ಸಹವಾಸ ಮಾಡಬೇಡ, ಅಷ್ಟು ದೊಖಾದ ಆದವನು ಏನನ್ನೂ ಮಾಡಬಲ್ಲ ಎಂಬ ನಗೆಮಾತು ಕೊರಿಯನ್ ಗಂಡಸರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಬಿಟ್ಟದ್ದು ವಿಷವನ್ನೇ ಆದರೂ, ಬಿಟ್ಟವನಲ್ಲಿ ವಿಷ ಕಾಣುವ ಈ ಮಾತು ಸಂಕಲ್ಪದ ಬಗ್ಗೆ ಪ್ರೇರಣಾ ಪುಸ್ತಕಗಳಿಗಿಂತ ಹೆಚ್ಚು ಎಚ್ಚರದಿಂದಿದೆ.

ಕೊರಿಯನ್ನರು ‘ನಿರ್ಧರಿಸು’ ಎಂಬುದಕ್ಕೆ ಆಡುವ ಮಾತು ‘ಮಾಉಮ್ ಮೊಕ್ದ’. ಪದಶಃ ‘ಮನಸ್ಸನ್ನು ತಿನ್ನು’. ನಿರ್ಧಾರ ಅಚಲವಾಗಬೇಕಾದಾಗ ಅದಕ್ಕೆ ‘ದೊಖಾಗೆ’ ಎಂಬ ಕ್ರಿಯಾವಿಶೇಷಣ ಸೇರುತ್ತದೆ: ಮನಸ್ಸನ್ನು ವಿಷದಷ್ಟು ಕಡುವಾಗಿ ತಿನ್ನು. ಅರಸನ ಬಟ್ಟಲು, ತಂದೆಯ ಕಷಾಯ, ಅಧಿಕಾರಿಯ ದೊಣ್ಣೆ ಇವೆಲ್ಲದರಲ್ಲಿಯೂ ದೊಕ್ ಹೊರಗಿನ ಕೈಯಿಂದ ಬಂದದ್ದು. ಈ ಒಂದು ನುಡಿಗಟ್ಟಿನಲ್ಲಿ ಮಾತ್ರ ಉಣಿಸುವವಳೂ ಉಣ್ಣುವವಳೂ ಒಬ್ಬಳೇ.